ಕಡಲತೀರ ‘ಕವರ್’ ಆಗೋದಿಲ್ಲ ಸ್ವಾಮಿ

ನಮ್ಮವರ ಪ್ರವಾಸದ ಮಾತಿನಲ್ಲಿ ನನಗೆ ಮೈ ಉರಿಸುವ ಪದ ಒಂದಿದೆ: ‘ಕವರ್’. ‘ಎರಡು ದಿನದಲ್ಲಿ ಗಾಲ್ವೇ ಕವರ್ ಮಾಡಿದ್ವಿ’, ‘ಕೆರಿ ಒಂದು ಕವರ್ ಆಗ್ಲಿಲ್ಲ ನೋಡಿ’, ‘ಈ ಸಲ ಅಪ್ಪ ಅಮ್ಮ ಬಂದಾಗ ಇಡೀ ವೆಸ್ಟ್ ಕೋಸ್ಟ್ ಕವರ್ ಮಾಡ್ಬಿಡೋಣ’. ಪರೀಕ್ಷೆಗೆ ಮುಂಚೆ ಪೋರ್ಷನ್ ಕವರ್ ಮಾಡುತ್ತಿದ್ದೆವಲ್ಲ, ಅದೇ ಪದ, ಅದೇ ಧಾವಂತ. ಪರೀಕ್ಷೆ ಮುಗಿದ ಮೇಲೆ ಆ ಪೋರ್ಷನ್ ತಲೆಯಲ್ಲಿ ಎಷ್ಟು ಉಳೀತು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಡಬ್ಲಿನ್ನಿನ ಕನ್ನಡದವರ ನಡುವೆ ಏಪ್ರಿಲ್ ಬಂತೆಂದರೆ ಒಂದು ಎಕ್ಸೆಲ್ ಶೀಟ್ ಓಡಾಡಲು ಶುರುವಾಗುತ್ತದೆ. ಊರಿಂದ ಅಪ್ಪ ಅಮ್ಮನೋ ಅತ್ತೆ ಮಾವನೋ ಬರುವವರಿರುತ್ತಾರೆ. ಹೋದ ವರ್ಷ ಯಾರೋ ಮಾಡಿದ ಪ್ಲಾನನ್ನು ಈ ವರ್ಷ ಇನ್ಯಾರೋ ಇನ್ನೂ ಬಿಗಿ ಮಾಡಿರುತ್ತಾರೆ. ‘ನೀವು ತುಂಬಾ ವರ್ಷದಿಂದ ಇಲ್ಲಿದ್ದೀರಲ್ಲ, ಒಂದ್ಸಲ ನೋಡಿ ಹೇಳಿ’ ಅಂತ ನನಗೂ ಬರುತ್ತದೆ. ಮೊದಲ ದಿನ ಬೆಳಿಗ್ಗೆ ಐದಕ್ಕೆ ಡಬ್ಲಿನ್ ಬಿಡುವುದು, ಕಾರ್ಕ್ ದಾಟಿ ಕಿನ್ಸೇಲ್, ಸಂಜೆಯೊಳಗೆ ರಿಂಗ್ ಆಫ್ ಕೆರಿ. ಎರಡನೇ ದಿನ ಡಿಂಗಲ್, ಅಲ್ಲಿಂದ ಕ್ಲಿಫ್ಸ್ ಆಫ್ ಮೋಹರ್. ಮೂರನೇ ದಿನ ಗಾಲ್ವೇ, ಕಾನಮಾರಾ, ಸ್ಲೈಗೊ. ನಾಲ್ಕನೇ ದಿನ ಡೊನಿಗಾಲ್, ಜೈಂಟ್ಸ್ ಕಾಸ್‌ವೇ, ಬೆಲ್‌ಫಾಸ್ಟ್ ಮೇಲೆ ವಾಪಸ್. ಪ್ರತಿ ಜಾಗದ ಮುಂದೆ ನಿಮಿಷ ಹಾಕಿರುತ್ತಾರೆ. ಕೆಲವದರ ಮುಂದೆ ‘20 ನಿಮಿಷ, ಫೋಟೋ ಮಾತ್ರ’.

ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಆದ್ದರಿಂದ ಎಲ್ಲರಿಗೂ ಸೇರಿಸಿ ಒಂದೇ ಸಲ ಹೇಳಿಬಿಡುತ್ತೇನೆ. ಆ ಶೀಟನ್ನು ಅಳಿಸಿ. ಒಂದು ಊರು ಆರಿಸಿ, ಒಂದು ಮನೆ ಹಿಡಿಯಿರಿ, ಐದು ರಾತ್ರಿ ಅಲ್ಲೇ ಇರಿ. ಯಾಕೆ ಅಂತ ಕೇಳಿದರೆ ಕಾರಣ ಒಂದೊಂದಾಗಿ ಕೊಡುತ್ತೇನೆ.

ಮೊದಲು ಲೆಕ್ಕ. ನೀವು ಕವರ್ ಮಾಡಹೊರಟಿರುವ ‘ವೈಲ್ಡ್ ಅಟ್ಲಾಂಟಿಕ್ ವೇ’ ಅನ್ನುವುದು ದಕ್ಷಿಣದ ಕಿನ್ಸೇಲ್‌ನಿಂದ ಉತ್ತರದ ಡೊನಿಗಾಲ್ ಕೌಂಟಿಯ ಮಫ್ ಎಂಬ ಊರಿನವರೆಗೆ ಸುಮಾರು 2,500 ಕಿ.ಮೀ. ಇದೆ. ಒಂಬತ್ತು ಕೌಂಟಿ ಹಾದು ಹೋಗುತ್ತದೆ. ಕರ್ನಾಟಕದ ಕರಾವಳಿ ಮಂಗಳೂರಿಂದ ಕಾರವಾರದ ತನಕ ಮುನ್ನೂರು ಚಿಲ್ಲರೆ ಕಿಲೋಮೀಟರು. ಅಂಥ ಏಳೆಂಟು ಕರಾವಳಿ ಸೇರಿಸಿದರೆ ಇದು. ಮತ್ತು ಇದು ಹೈವೇ ಅಲ್ಲ. ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಬೇಲಿ ಗಿಡ, ನಡುವೆ ಒಂದೂವರೆ ಕಾರಿನಷ್ಟು ಜಾಗ, ಎದುರಿಗೆ ಟ್ರ್ಯಾಕ್ಟರ್ರು. ಅದರ ಮೇಲೆ 2025ರ ಫೆಬ್ರವರಿಯಿಂದ ಹಳ್ಳಿಗಾಡಿನ ಸ್ಥಳೀಯ ರಸ್ತೆಗಳ ವೇಗಮಿತಿಯನ್ನು ಗಂಟೆಗೆ 80 ಕಿ.ಮೀ.ಯಿಂದ 60ಕ್ಕೆ ಇಳಿಸಿದ್ದಾರೆ. ಸರಾಸರಿ 50 ಅಂತ ಇಟ್ಟುಕೊಳ್ಳಿ, ಅದೂ ಉದಾರವಾಗಿ. ಪೂರ್ತಿ ದಾರಿಗೆ ಐವತ್ತು ಗಂಟೆ. ನಾಲ್ಕು ದಿನಕ್ಕೆ ಹಂಚಿದರೆ ದಿನಕ್ಕೆ ಹನ್ನೆರಡೂವರೆ ಗಂಟೆ ಸ್ಟೀರಿಂಗ್ ಹಿಂದೆ. ಇಷ್ಟಾಗಲ್ಲ ಅಂತ ನೀವು ಒಂದೊಂದು ಮೂಲೆ ಕತ್ತರಿಸುತ್ತೀರಿ. ಕತ್ತರಿಸುವುದು ಏನನ್ನು? ಕಡಲ ಪಕ್ಕದ ಸಣ್ಣ ರಸ್ತೆಗಳನ್ನೇ. ಕೊನೆಗೆ ಉಳಿಯುವುದು ಒಳನಾಡಿನ ದೊಡ್ಡ ರಸ್ತೆ ಮತ್ತು ಪೆಟ್ರೋಲ್ ಬಂಕಿನ ಕಾಫಿ. ಕಡಲತೀರದ ಪ್ರವಾಸದಲ್ಲಿ ಕಡಲೇ ಇಲ್ಲ.

ಇನ್ನೊಂದು ವಿಷಯ. ಈ ದಾರಿ ಅನಾದಿ ಕಾಲದ ಯಾತ್ರೆಯ ಹಾದಿಯೇನಲ್ಲ. ರಸ್ತೆಗಳು ಮುಂಚಿನಿಂದ ಇದ್ದವು. ಅವನ್ನು ಒಂದೇ ದಾರ ಪೋಣಿಸಿ, ಹೆಸರಿಟ್ಟು, ಅಲೆಯಂಥ ಗುರುತಿನ ನೀಲಿ ಬೋರ್ಡು ನೆಟ್ಟು 2014ರಲ್ಲಿ ಬಿಡುಗಡೆ ಮಾಡಿದ್ದು ಇಲ್ಲಿನ ಪ್ರವಾಸೋದ್ಯಮ ಸಂಸ್ಥೆ ಫಾಲ್ಚಾ ಐರ್ಲೆಂಡ್. ಪಶ್ಚಿಮದ ಬಡ ಕೌಂಟಿಗಳಿಗೆ ಜನ ಬರಲಿ, ಅಲ್ಲಿ ನಾಲ್ಕು ದಿನ ಉಳಿಯಲಿ ಅಂತ. ಒಳ್ಳೆಯ ಕೆಲಸವೇ. ಆದರೆ ಅದನ್ನು ಮಾಡಿದವರೂ ಇದನ್ನು ಒಂದೇ ಉಸಿರಿಗೆ ಮುಗಿಸಿ ಅಂತ ಹೇಳಿಲ್ಲ. ಮುಗಿಸಬೇಕು ಅನ್ನೋದು ನಾವು ಊರಿಂದ ಹೊತ್ತು ತಂದ ಚಾಳಿ. ಧರ್ಮಸ್ಥಳ, ಕುಕ್ಕೆ, ಉಡುಪಿ, ಕೊಲ್ಲೂರು, ಮುರುಡೇಶ್ವರ ಎರಡು ದಿನದಲ್ಲಿ ಟೆಂಪೋ ಟ್ರಾವೆಲರ್‌ನಲ್ಲಿ ಸುತ್ತಿದವರು ನಾವು. ದೇವರಿಗಾದರೆ ಸರಿ, ಒಂದು ನಮಸ್ಕಾರ, ಒಂದು ಮಂಗಳಾರತಿ, ದರ್ಶನ ಆಯಿತು ಅಂದರೆ ಆಯಿತು. ಕಡಲಿಗೆ ಆ ಥರ ದರ್ಶನದ ಹೊತ್ತು ಅಂತ ಇಲ್ಲ. ಉಬ್ಬರಕ್ಕೊಂದು ಮುಖ, ಇಳಿತಕ್ಕೊಂದು ಮುಖ. ಇಪ್ಪತ್ತು ನಿಮಿಷದಲ್ಲಿ ಕಾಣುವುದು ಪಾರ್ಕಿಂಗ್ ಮೀಟರ್.

ಈಗ ‘ಫ್ಯಾಮಿಲಿ’ ಅನ್ನುವ ಪದ ತೆಗೆದುಕೊಳ್ಳಿ. ಶೀಟಿನಲ್ಲಿ ಅದು ಒಂದು ಸಂಖ್ಯೆ: ಆರು ಜನ. ನಿಜದಲ್ಲಿ ಅದು ಮಂಡಿ ನೋವಿರುವ ಅಜ್ಜಿ, ಶುಗರ್ ಇರುವ ತಾತ, ಕಾರಲ್ಲಿ ವಾಂತಿ ಮಾಡುವ ಎಂಟು ವರ್ಷದ ಹುಡುಗಿ, ನಾಲ್ಕು ವರ್ಷದ ಹುಡುಗ, ಮತ್ತು ಇವರಿಬ್ಬರ ಅಪ್ಪ ಅಮ್ಮ. ಇಲ್ಲಿನ ಕಾನೂನಿನಂತೆ ಮಗು 150 ಸೆಂ.ಮೀ. ಎತ್ತರ ಇಲ್ಲವೇ 36 ಕೆ.ಜಿ. ತೂಕ ಮುಟ್ಟುವ ತನಕ ಚೈಲ್ಡ್ ಸೀಟು ಕಡ್ಡಾಯ. ಊರಿನ ಹಾಗೆ ‘ತೊಡೆ ಮೇಲೆ ಕೂರಿಸ್ಕೋತೀವಿ ಬಿಡಿ’ ನಡೆಯುವುದಿಲ್ಲ. ಆದ್ದರಿಂದ ಏಳು ಸೀಟಿನ ಗಾಡಿ. ನಡುವಿನ ಸಾಲಿನಲ್ಲಿ ಮಕ್ಕಳ ಎರಡು ಸೀಟು. ಹಿಂದಿನ ಸಾಲಿನಲ್ಲಿ ಯಾರು? ಬಗ್ಗಿ ತೂರಿ ಹೋಗಿ ಕೂರಬೇಕಾದ ಆ ಗೂಡಿನಲ್ಲಿ ಬಹಳ ಸಲ ಕೂರುವುದು ಅಜ್ಜಿಯೇ, ಯಾಕೆಂದರೆ ಅಜ್ಜಿ ‘ನಂಗೇನು ತೊಂದ್ರೆ ಇಲ್ಲಪ್ಪ’ ಅನ್ನುತ್ತಾಳೆ. ಆ ಸಾಲು ಬಿಡಿಸಿದ ಮೇಲೆ ಡಿಕ್ಕಿಯಲ್ಲಿ ಜಾಗ ಉಳಿಯುವುದಿಲ್ಲ, ಸೂಟ್‌ಕೇಸು ಕಾಲ ಕೆಳಗೆ. ಹೀಗೆ ಹನ್ನೆರಡು ಗಂಟೆ. ಸಣ್ಣ ಊರುಗಳಲ್ಲಿ ಸಾರ್ವಜನಿಕ ಶೌಚಾಲಯ ಹುಡುಕುವುದು ಎಷ್ಟು ಕಷ್ಟ ಅಂತ ಶುಗರ್ ಇರುವ ತಾತನನ್ನು ಕೇಳಿ. ಅವರು ಹೇಳುವುದಿಲ್ಲ. ನೀರು ಕುಡಿಯುವುದನ್ನೇ ಕಡಿಮೆ ಮಾಡಿಬಿಡುತ್ತಾರೆ.

ಊಟದ ವಿಷಯಕ್ಕೆ ಬನ್ನಿ. ದಿನಕ್ಕೊಂದು ಹೋಟೆಲು ಅಂದರೆ ಅಡುಗೆ ಮನೆ ಇಲ್ಲ. ಸಸ್ಯಾಹಾರಿ ಹಿರಿಯರಿಗೆ ಸೂಪು, ಬ್ರೆಡ್ಡು, ಚಿಪ್ಸು. ತರಕಾರಿ ಸೂಪು ಅಂತ ಬರೆದಿದ್ದರೂ ಅದರ ನೀರು ಕೋಳಿಯದ್ದಿರಬಹುದು, ಕೇಳಬೇಕು. ಕೆಲವು ಚಿಪ್ಪರ್ ಅಂಗಡಿಗಳಲ್ಲಿ ಆಲೂಗಡ್ಡೆ ಕರಿಯುವುದೇ ದನದ ಕೊಬ್ಬಿನಲ್ಲಿ. ಇದನ್ನು ಮೂರನೇ ದಿನ ಯಾರಾದರೂ ಹೇಳಿದರೆ ಅಮ್ಮನ ಪ್ರವಾಸ ಅಲ್ಲಿಗೇ ಮುಗಿಯಿತು. ಹಳ್ಳಿ ಪಬ್ಬುಗಳ ಅಡುಗೆ ಮನೆ ರಾತ್ರಿ ಎಂಟೂವರೆ ಒಂಬತ್ತಕ್ಕೆ ಮುಚ್ಚುತ್ತದೆ, ನಿಮ್ಮ ಶೀಟಿನ ಪ್ರಕಾರ ನೀವಿನ್ನೂ ಮೂವತ್ತು ಕಿ.ಮೀ. ಹಿಂದೆ ಇರುತ್ತೀರಿ. ‘ರಾತ್ರಿ ಪಬ್ಬಿನಲ್ಲಿ ಐರಿಶ್ ಸಂಗೀತ’ ಅಂತಲೂ ಬರೆದಿರುತ್ತೀರಿ. ಹದಿನೈದು ವರ್ಷದೊಳಗಿನ ಮಕ್ಕಳು ಅಪ್ಪ ಅಮ್ಮನ ಜೊತೆ ಇದ್ದರೂ ರಾತ್ರಿ ಒಂಬತ್ತರ ಮೇಲೆ ಬಾರಿನಲ್ಲಿ ಇರುವಂತಿಲ್ಲ, ಮೇಯಿಂದ ಸೆಪ್ಟೆಂಬರ್ ತನಕ ಹತ್ತು. ಸಂಗೀತ ಶುರುವಾಗುವುದೇ ಬಹಳ ಕಡೆ ಒಂಬತ್ತೂವರೆಗೆ. ಅಂದರೆ ಒಬ್ಬರು ಮಕ್ಕಳ ಜೊತೆ ರೂಮಿನಲ್ಲಿ ಉಳಿಯಬೇಕು. ಯಾರು ಉಳಿಯುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಪುಳಿಯೋಗರೆ ಕಲೆಸಿದವಳೂ ಅವಳೇ, ಹಿಂದಿನ ಸಾಲಿನ ಅತ್ತೆಗೆ ನೀರಿನ ಬಾಟಲಿ ದಾಟಿಸುವವಳೂ ಅವಳೇ. ಶೀಟು ಮಾಡಿದವರು ಗಾಡಿ ಓಡಿಸುತ್ತಾರೆ, ‘ಪಾಪ, ಎಷ್ಟು ಡ್ರೈವ್ ಮಾಡ್ದ’ ಅಂತ ಹೊಗಳಿಕೆಯೂ ಅವರಿಗೇ.

ನನಗೆ ನಿಜವಾಗಿ ಸಿಟ್ಟು ಬರುವುದು ಇದಕ್ಕಲ್ಲ. ಅಪ್ಪ ಅಮ್ಮ ಬರುವುದು ಶಾರ್ಟ್ ಸ್ಟೇ ವೀಸಾದಲ್ಲಿ, ಹೆಚ್ಚೆಂದರೆ 90 ದಿನ. ಆ ತೊಂಬತ್ತರಲ್ಲಿ ಎಂಬತ್ತೈದು ದಿನ ಅವರು ಏನು ಮಾಡುತ್ತಾರೆ? ಡಬ್ಲಿನ್ನಿನ ಹೊರವಲಯದ ಒಂದು ಅಪಾರ್ಟ್‌ಮೆಂಟಿನಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಇಲ್ಲಿ ಕ್ರೆಶ್‌ಗೆ ಸೀಟು ಸಿಗುವುದು ಕಷ್ಟ, ಸಿಕ್ಕರೂ ದುಬಾರಿ, ಅದು ನನಗೆ ಗೊತ್ತು. ಬೆಳಿಗ್ಗೆ ನೀವಿಬ್ಬರೂ ಕೆಲಸಕ್ಕೆ ಹೋದ ಮೇಲೆ ತಾತ ಕಿಟಕಿ ಪಕ್ಕ ಕೂತು ಪಾರ್ಕಿಂಗ್ ನೋಡುತ್ತಾರೆ. ಅಜ್ಜಿ ಚಪಾತಿ ಲಟ್ಟಿಸುತ್ತಾಳೆ. ಮೂರು ತಿಂಗಳು ಕಳೆದು ಹೊರಡುವ ಹಿಂದಿನ ವಾರ ನಿಮಗೆ ‘ಅಯ್ಯೋ, ಏನೂ ತೋರಿಸಲೇ ಇಲ್ಲ’ ಅನ್ನಿಸುತ್ತದೆ. ಆಗ ಲಾಂಗ್ ವೀಕೆಂಡು, ಆಗ ಈ ಶೀಟು. ಎಂಬತ್ತೈದು ದಿನದ ಬಾಕಿಯನ್ನು ನಾಲ್ಕು ದಿನದಲ್ಲಿ ಬಡ್ಡಿ ಸಮೇತ ತೀರಿಸುವ ಹಟ. ಊರಿಗೆ ಹೋದ ಮೇಲೆ ನೆಂಟರು ‘ಐರ್ಲೆಂಡ್ ಹೆಂಗಿತ್ತು’ ಅಂದಾಗ ಅವರು ಫೋನಿನಲ್ಲಿ ಮುನ್ನೂರು ಫೋಟೋ ತೋರಿಸಬೇಕು. ಆ ಫೋಟೋ ಎಲ್ಲಿಯದು ಅಂತ ಅವರಿಗೇ ಗೊತ್ತಿರುವುದಿಲ್ಲ. ಎಲ್ಲದರಲ್ಲೂ ಅದೇ ಜರ್ಕಿನ್ನು, ಅದೇ ಗಾಳಿ, ಅದೇ ಬಲವಂತದ ನಗು.

ನಾಲ್ಕನೇ ದಿನದ ಜೈಂಟ್ಸ್ ಕಾಸ್‌ವೇ ಬಗ್ಗೆ ಬೇರೆಯಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ಬರೀ ಸುಸ್ತಿನ ಪ್ರಶ್ನೆ ಇಲ್ಲ. ಅದು ಇರುವುದು ಆಂಟ್ರಿಮ್ ಕೌಂಟಿಯಲ್ಲಿ, ಅಂದರೆ ಉತ್ತರ ಐರ್ಲೆಂಡಿನಲ್ಲಿ, ಅಂದರೆ ಯುಕೆಯ ನೆಲದಲ್ಲಿ. ಗಡಿಯಲ್ಲಿ ಗೇಟಿಲ್ಲ, ಚೆಕ್‌ಪೋಸ್ಟಿಲ್ಲ. ವೇಗದ ಬೋರ್ಡು ಕಿಲೋಮೀಟರಿನಿಂದ ಮೈಲಿಗೆ ಬದಲಾಗುತ್ತದೆ, ಅಷ್ಟೇ. ಆದರೆ ಭಾರತದ ಪಾಸ್‌ಪೋರ್ಟಿನವರಿಗೆ ಅಲ್ಲಿಗೆ ಯುಕೆ ವೀಸಾ ಬೇಕು. ನಿಮ್ಮ ಹತ್ತಿರ ಇಲ್ಲಿನ ಐಆರ್‌ಪಿ ಕಾರ್ಡ್ ಇದ್ದರೂ ಬೇಕು. ಊರಿಂದ ಬರುವ ಅಪ್ಪ ಅಮ್ಮನ ಐರಿಶ್ ವೀಸಾದ ಮೇಲೆ ‘ಬಿಐವಿಎಸ್’ ಎಂಬ ಗುರುತಿದ್ದರೆ ಮಾತ್ರ ಅದೇ ವೀಸಾದಲ್ಲಿ ಅವರು ಹೋಗಬಹುದು. ತಮಾಷೆ ನೋಡಿ, ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮನಿಗೆ ಅನುಮತಿ ಇರುತ್ತದೆ, ಕರೆದುಕೊಂಡು ಹೋಗುವ ಮಗನಿಗೇ ಇರುವುದಿಲ್ಲ. ‘ಯಾರೂ ಚೆಕ್ ಮಾಡಲ್ಲ ಬಿಡಿ’ ಅನ್ನುವವರಿಗೆ ನಾನು ಕೇಳುವುದು ಒಂದೇ. ಆ ಕಡೆ ಗಾಡಿ ಗುದ್ದಿತು, ಅಥವಾ ತಾತನಿಗೆ ಎದೆ ನೋವು ಬಂತು ಅಂತ ಇಟ್ಟುಕೊಳ್ಳಿ. ಆಗ ಪೊಲೀಸರು, ಇನ್ಶೂರೆನ್ಸಿನವರು ಕೇಳುವ ಮೊದಲ ಕಾಗದ ಯಾವುದು? ನಿಮ್ಮ ಮುಂದಿನ ವೀಸಾ, ನಾಳೆ ಹಾಕುವ ಪೌರತ್ವದ ಅರ್ಜಿ, ಇವೆಲ್ಲ ಒಂದು ಫೋಟೋಗಿಂತ ಅಗ್ಗವಾ?

ಅಲ್ಲಿ ನೋಡುವುದು ಲಾವಾ ಆರಿ ಸೀಳಿ ಆದ ಬಸಾಲ್ಟ್ ಕಂಬಗಳು, ಸುಮಾರು 40,000. ಅದ್ಭುತವೇ, ಅನುಮಾನ ಇಲ್ಲ. ಕಾಗದ ಸರಿಯಿದ್ದರೆ ಬೇರೆಯದೇ ಪ್ರವಾಸ ಇಟ್ಟುಕೊಂಡು ಹೋಗಿ ಬನ್ನಿ. ಆದರೆ ಮಲ್ಪೆಯಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪದಲ್ಲಿ ಅಂಥದೇ ಕಂಬಗಳಿವೆ. ಕಲ್ಲಿನ ಜಾತಿ ಬೇರೆ, ಕಂಬವಾದ ಕಾರಣ ಒಂದೇ. ಉಡುಪಿಯಲ್ಲೇ ಹುಟ್ಟಿ ಬೆಳೆದ ಅಪ್ಪ ಅಮ್ಮನನ್ನು ಅದಕ್ಕಾಗಿ ಕಾಗದವಿಲ್ಲದೆ ಗಡಿ ದಾಟಿಸುವ ಉಮೇದು ನನಗಂತೂ ಅರ್ಥವಾಗುವುದಿಲ್ಲ.

ಇನ್ನು ಆಕಾಶ ಮತ್ತು ಸಮುದ್ರ. ಇವೆರಡೂ ನಿಮ್ಮ ಶೀಟು ನೋಡಿಲ್ಲ. ಪಶ್ಚಿಮದ ಕೆಲವು ಕಡೆ ವರ್ಷಕ್ಕೆ ಸುಮಾರು 225 ದಿನ ಮಳೆಯ ದಿನಗಳು. ಆಗುಂಬೆಯ ಮಳೆಯಂತೆ ಸುರಿದು ಮುಗಿಯುವುದಿಲ್ಲ ಇದು. ತುಂತುರು, ಅದೂ ಮೇಲಿಂದಲ್ಲ, ಪಕ್ಕದಿಂದ. ಛತ್ರಿ ತೆಗೆದರೆ ಗಾಳಿಗೆ ಮಗುಚಿ ಹೋಗುತ್ತದೆ. ಕ್ಲಿಫ್ಸ್ ಆಫ್ ಮೋಹರ್ ಎತ್ತರ 214 ಮೀಟರ್, ಸರಿ. ಮಂಜು ಕವಿದ ದಿನ ಆ 214 ಮೀಟರಿನಲ್ಲಿ ನಿಮಗೆ ಕಾಣುವುದು ಬೇಲಿ ಮತ್ತು ನಿಮ್ಮ ಬೂಟು. ಡಬ್ಲಿನ್ನಿಂದ ಒಂದೇ ದಿನದಲ್ಲಿ ಹೋಗಿಬರುವವರು ಬಸ್ಸಿನಲ್ಲಿ ಏಳು ಗಂಟೆ ಕೂತು ಇದನ್ನು ನೋಡಿ ಬರುತ್ತಾರೆ. ಹತ್ತು ಕಿಲೋಮೀಟರಿನೊಳಗೆ ಮನೆ ಹಿಡಿದವರು ಏನು ಮಾಡುತ್ತಾರೆ? ಕಿಟಕಿ ತೆರೆದು ನೋಡುತ್ತಾರೆ, ‘ಇವತ್ತು ಬೇಡ, ನಾಳೆ ಹೋಗೋಣ’ ಅನ್ನುತ್ತಾರೆ. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತರ ತನಕ ಬೆಳಕು. ಮಧ್ಯಾಹ್ನ ಪೂರ್ತಿ ಮಳೆ ಹುಯ್ದರೂ ಊಟ ಮುಗಿಸಿ ಏಳಕ್ಕೆ ಹೊರಟರೆ, ಟೂರ್ ಬಸ್ಸುಗಳೆಲ್ಲ ಹೋದ ಮೇಲೆ, ಅದೇ ಜಾಗ ನಿಮ್ಮದು.

ದೋಣಿಯೂ ಹಾಗೇ. ಸ್ಕೆಲಿಗ್ ಮೈಕಲ್ ಅಂತ ಕೆರಿಯಲ್ಲಿ ಒಂದು ಬಂಡೆ ದ್ವೀಪ, ಮೇಲೆ ಹಳೆಯ ಕ್ರೈಸ್ತ ಸನ್ಯಾಸಿಗಳ ಕಲ್ಲಿನ ಗೂಡುಗಳು. ಸ್ಟಾರ್ ವಾರ್ಸ್ ಸಿನಿಮಾ ನೋಡಿದವರು ಶೀಟಿನಲ್ಲಿ ಅದನ್ನೂ ಸೇರಿಸುತ್ತಾರೆ. ಅಲ್ಲಿ ಕೈಪಿಡಿ ಇಲ್ಲದ 618 ಮೆಟ್ಟಿಲು, ದಿನಕ್ಕೆ ಇಷ್ಟೇ ಜನ ಅಂತ ಮಿತಿ, ಬೇಸಿಗೆಯಲ್ಲಿ ಮಾತ್ರ ಇಳಿಯಲು ಬಿಡುತ್ತಾರೆ, ಅಲೆ ಜಾಸ್ತಿ ಇದ್ದರೆ ಅವತ್ತು ದೋಣಿಯೇ ಹೋಗುವುದಿಲ್ಲ. ಮಂಡಿ ನೋವಿನ ಅಜ್ಜಿಗೆ ಅದು ಜಾಗವೇ ಅಲ್ಲ. ಕಾನಮಾರಾದ ಓಮಿ ದ್ವೀಪಕ್ಕೆ ಇಳಿತದ ಹೊತ್ತಿನಲ್ಲಿ ಮರಳ ಮೇಲೆ ನಡೆದೇ ಹೋಗಬಹುದು. ಮಕ್ಕಳಿಗೆ ಅಂಥ ಖುಷಿ ಇನ್ನೊಂದಿಲ್ಲ. ಆದರೆ ಅದಕ್ಕೆ ಇಳಿತದ ವೇಳಾಪಟ್ಟಿ ನೋಡಿಕೊಂಡು ನಿಮ್ಮ ದಿನವನ್ನು ಅದಕ್ಕೆ ಹೊಂದಿಸಬೇಕು. ‘ನಮಗೆ ಹನ್ನೊಂದರಿಂದ ಹನ್ನೊಂದೂ ಇಪ್ಪತ್ತಕ್ಕೆ ಸ್ಲಾಟ್ ಇದೆ’ ಅಂತ ಹೋದರೆ ಎದುರಿಗೆ ನೀರು ಇರುತ್ತದೆ. ಅವಸರದಲ್ಲಿ ಇಳಿದವರಿಗೆ ವಾಪಸ್ ಬರುವಾಗ ನೀರು ಬರುತ್ತದೆ, ಅದು ಇನ್ನೂ ಕೆಟ್ಟದ್ದು. ಈಜಬೇಕಿದ್ದರೆ ಲೈಫ್‌ಗಾರ್ಡ್ ಇರುವ ಕಡೆ, ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ. ಏನಾದರೂ ಆದರೆ 112ಕ್ಕೆ ಫೋನ್ ಮಾಡಿ ಕೋಸ್ಟ್ ಗಾರ್ಡ್ ಕೇಳಬೇಕು. ಇದನ್ನು ಶೀಟಿನಲ್ಲಿ ಯಾರೂ ಬರೆದಿದ್ದು ನಾನು ನೋಡಿಲ್ಲ.

ಇಷ್ಟು ಹೇಳಿದಾಗ ಬರುವ ಮೊದಲ ಉತ್ತರ: ‘ಅವರು ಮತ್ತೆ ಬರ್ತಾರೋ ಇಲ್ವೋ ಯಾರಿಗೆ ಗೊತ್ತು?’ ಈ ಮಾತಿನ ಹಿಂದಿನ ಸಂಕಟ ನನಗೆ ಅರ್ಥವಾಗುತ್ತದೆ. ಎಪ್ಪತ್ತು ದಾಟಿದವರು, ಇಷ್ಟುದ್ದದ ವಿಮಾನ. ಅದಕ್ಕೇ ಹೇಳುತ್ತಿರುವುದು. ಮತ್ತೆ ಬರುವುದಿಲ್ಲ ಅಂತಾದರೆ ಬಂದ ಒಂದು ಸಲ ಅವರಿಗೆ ನೆನಪಿಟ್ಟುಕೊಳ್ಳಲು ಒಂದು ಊರಾದರೂ ಕೊಡಿ. ಬೆಳಿಗ್ಗೆ ಹಾಲಿಗೆ ಹೋಗುವ ಅಂಗಡಿ, ‘ಗುಡ್ ಮಾರ್ನಿಂಗ್’ ಅನ್ನುವ ಅಂಗಡಿಯವಳು, ಬೇಲಿ ಆಚೆ ದಿನಾ ನೋಡುವ ಅದೇ ಕುರಿಗಳು, ತಾತ ಒಬ್ಬರೇ ನಡೆದು ಹೋಗಿ ಕೂರಬಹುದಾದ ಬಂದರಿನ ಕಲ್ಲು ಬೆಂಚು. ಐದು ದಿನ ಇದ್ದರೆ ಇವು ಸಿಗುತ್ತವೆ.

ಎರಡನೇ ಉತ್ತರ ದುಡ್ಡು. ‘ಇಷ್ಟು ಖರ್ಚು ಮಾಡಿ ಒಂದೇ ಕಡೆ ಕೂರೋದಾ?’ ಆರು ಜನಕ್ಕೆ ದಿನಾ ಎರಡು ರೂಮು, ದಿನಾ ಹೊರಗಿನ ಊಟ, ದಿನಾ ಟ್ಯಾಂಕ್ ತುಂಬ ಪೆಟ್ರೋಲು ಒಂದು ಕಡೆ ಹಾಕಿ. ಅಡುಗೆ ಮನೆ ಇರುವ ಒಂದು ಬಾಡಿಗೆ ಮನೆ ಇನ್ನೊಂದು ಕಡೆ ಹಾಕಿ. ಎಕ್ಸೆಲ್ ನಿಮಗೇ ಚೆನ್ನಾಗಿ ಬರುತ್ತದಲ್ಲ, ಕೂಡಿಸಿ ನೋಡಿ. ಒಂದು ಎಚ್ಚರಿಕೆ: ಜುಲೈ ಆಗಸ್ಟ್‌ನಲ್ಲಿ ಇಂಥ ಮನೆಗಳನ್ನು ಬಹಳ ಕಡೆ ಶನಿವಾರದಿಂದ ಶನಿವಾರಕ್ಕೆ ಮಾತ್ರ ಕೊಡುತ್ತಾರೆ. ಮೇ ತಿಂಗಳಲ್ಲೋ ಸೆಪ್ಟೆಂಬರಿನಲ್ಲೋ ಕೇಳಿದರೆ ಐದು ರಾತ್ರಿಗೂ ಒಪ್ಪುತ್ತಾರೆ. ಡಬ್ಲಿನ್ನಿಂದಲೇ ಅಕ್ಕಿ, ಬೇಳೆ, ಸಾರಿನ ಪುಡಿ, ಸಣ್ಣ ಕುಕ್ಕರ್ ಒಯ್ಯಿರಿ. ಮಳೆ ನೋಡುತ್ತಾ ಬಿಸಿ ಸಾರು ಅನ್ನ ಉಂಡವರಿಗೆ ಐರ್ಲೆಂಡಿನ ಬಗ್ಗೆ ಯಾವತ್ತೂ ದೂರು ಇರುವುದಿಲ್ಲ.

ಮೂರನೆಯದು ರಜೆ. ಕಾನೂನಿನ ಪ್ರಕಾರ ಇಲ್ಲಿ ವರ್ಷಕ್ಕೆ ನಾಲ್ಕು ವಾರ ರಜೆ ಇದೆ, ಅದರಲ್ಲಿ ಮೂರನ್ನು ನಾವು ಊರಿಗೆ ಅಂತ ಎತ್ತಿಡುತ್ತೇವೆ. ಸರಿ. ಆದರೆ ಅಪ್ಪ ಅಮ್ಮ ಇಲ್ಲಿಗೇ ಬಂದ ವರ್ಷವೂ ಆ ಲೆಕ್ಕವೇ ಯಾಕೆ? ಆ ವರ್ಷ ಊರೇ ನಿಮ್ಮ ಮನೆಗೆ ಬಂದಿದೆ.

ಹೊಸದಾಗಿ ಮದುವೆಯಾದ ಜೋಡಿ, ಗೆಳೆಯರ ಗುಂಪು, ಡ್ರೈವಿಂಗೇ ಸುಖ ಅನ್ನುವವರು, ಇವರ ಜೊತೆ ನನ್ನ ಜಗಳ ಇಲ್ಲ. ಎರಡು ವಾರ ತೆಗೆದುಕೊಂಡು ಕಿನ್ಸೇಲ್‌ನಿಂದ ಮಫ್‌ವರೆಗೆ ಹೋಗಿ ಬನ್ನಿ. ನಾನು ಹೇಳುತ್ತಿರುವುದು ಮೂರು ತಲೆಮಾರು ಒಂದೇ ಗಾಡಿಯಲ್ಲಿ ಹೋಗುವವರಿಗೆ.

ಹಾಗಾದರೆ ಎಲ್ಲಿ? ನನ್ನ ಮಟ್ಟಿಗೆ ಮೂರು ಜಾಗ. ಒಂದು, ಕ್ಲೇರ್ ಕೌಂಟಿಯ ಡೂಲಿನ್ ಸುತ್ತಮುತ್ತ. ಮೋಹರ್ ಪಕ್ಕದಲ್ಲೇ. ಬರೆನ್ ಎಂಬ ಸುಣ್ಣಕಲ್ಲಿನ ಬಯಲು ಇನ್ನೊಂದು ಪಕ್ಕ. ಕಡಲು ಶಾಂತವಿದ್ದ ದಿನ ದೋಣಿಯಲ್ಲಿ ಇನಿಶೀರ್ ದ್ವೀಪಕ್ಕೆ ಹೋಗಿ ಕುದುರೆ ಗಾಡಿಯಲ್ಲಿ ಒಂದು ಸುತ್ತು. ಅಲ್ಲಿನವರ ಮನೆಮಾತು ಐರಿಶ್, ಇಂಗ್ಲಿಷ್ ಅಲ್ಲ. ಇಂಗ್ಲಿಷ್ ಬರದ ನಿಮ್ಮ ಅಜ್ಜಿಗೆ ಐರ್ಲೆಂಡಿನಲ್ಲಿ ಮೊದಲ ಸಲ ಒಂದು ಸಮಾಧಾನ: ಇಲ್ಲಿ ಇಂಗ್ಲಿಷ್ ಎಲ್ಲರಿಗೂ ಎರಡನೆಯದೇ.

ಎರಡು, ಡಿಂಗಲ್. ಐರಿಶ್ ಮಾತಾಡುವ ಗೇಲ್ಟಾಕ್ಟ್ ಪ್ರದೇಶವಾದ್ದರಿಂದ ದಾರಿಯ ಬೋರ್ಡುಗಳಲ್ಲಿ ‘ಆನ್ ಡಾಂಗಿನ್’ ಅಂತ ಐರಿಶ್ ಹೆಸರು ಕಂಡರೆ ಗಾಬರಿ ಬೇಡ, ಅದೇ ಊರು. ಶೀಟಿನಲ್ಲಿ ‘ಸ್ಲೇ ಹೆಡ್, 20 ನಿಮಿಷ, ಫೋಟೋ’ ಅಂತ ಇರುತ್ತದಲ್ಲ, ಅಲ್ಲಿಂದ ಎದುರಿಗೆ ಕಾಣುವುದು ಗ್ರೇಟ್ ಬ್ಲಾಸ್ಕೆಟ್ ದ್ವೀಪ. ಯಾವ ಕಾಲಕ್ಕೂ ಇನ್ನೂರು ಜನ ದಾಟದ ಆ ಊರಿನಿಂದ ಐರಿಶ್ ಭಾಷೆಯ ಆತ್ಮಕಥೆಗಳೇ ಸಾಲುಸಾಲಾಗಿ ಬಂದವು. ಪೆಗ್ ಸೇಯರ್ಸ್ ಎಂಬ ಅಜ್ಜಿ ಹೇಳಿ ಬರೆಸಿದ ಕಥೆಯನ್ನು ಐರ್ಲೆಂಡಿನ ಮಕ್ಕಳು ದಶಕಗಳ ಕಾಲ ಪಠ್ಯದಲ್ಲಿ ಓದಿದರು. ದ್ವೀಪದ ಹುಡುಗ ಹುಡುಗಿಯರು ಒಬ್ಬೊಬ್ಬರೇ ಅಮೆರಿಕಕ್ಕೆ ಹೋದರು, ಬಹಳ ಜನ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್‌ಗೆ. ಉಳಿದವರಿಗೆ ವಯಸ್ಸಾಯಿತು. ಚಳಿಗಾಲದಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ದಡಕ್ಕೆ ದೋಣಿ ಹಾಕಲು ಆಗುತ್ತಿರಲಿಲ್ಲ. 1953ರಲ್ಲಿ ಸರಕಾರ ಕೊನೆಯ 22 ಜನರನ್ನು ಅಲ್ಲಿಂದ ಎಬ್ಬಿಸಿತು. ದ್ವೀಪಕ್ಕೆ ಹೋಗುವುದು ಬೇಡ. ಈಚೆ ದಡದ ಡೂನ್ ಕ್ವೀನ್ ಊರಿನಲ್ಲಿ ಬ್ಲಾಸ್ಕೆಟ್ ಸೆಂಟರ್ ಇದೆ, ಮೆಟ್ಟಿಲ ಕಾಟವಿಲ್ಲ, ದೊಡ್ಡ ಗಾಜಿನಿಂದ ಆ ದ್ವೀಪ ಕಾಣುತ್ತದೆ. ಮಕ್ಕಳೆಲ್ಲ ಹೊರದೇಶ ಸೇರಿ ಇಬ್ಬರೇ ಮುದುಕರು ಉಳಿದ ಮನೆ ಅಂದರೆ ಏನು ಅಂತ ನಿಮ್ಮ ಅಪ್ಪ ಅಮ್ಮನಿಗೆ ಯಾರೂ ವಿವರಿಸಬೇಕಾಗಿಲ್ಲ. ಇಪ್ಪತ್ತು ನಿಮಿಷದಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಬೇಡಿ.

ಮೂರು, ಪಶ್ಚಿಮ ಕಾರ್ಕ್, ಬ್ಯಾಂಟ್ರಿ ಕಡೆ. ಅಲ್ಲಿ ಶೀಪ್ಸ್ ಹೆಡ್ ಎಂಬ ಸಣ್ಣ ಚಾಚು ಭೂಮಿಯಲ್ಲಿ ಅಹಾಕಿಸ್ಟಾ ಅಂತ ಹಳ್ಳಿ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಬಾಂಬಿಗೆ ಸಿಕ್ಕು ಈ ಕಡಲಿನ ಮೇಲೆ ಒಡೆದು ಬಿತ್ತು. 329 ಜನ ಸತ್ತರು, ಹೆಚ್ಚಿನವರು ಭಾರತ ಮೂಲದವರು, ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೊರಟ ಮಕ್ಕಳೂ ಇದ್ದರು. ಅಹಾಕಿಸ್ಟಾದಲ್ಲಿ ಕಡಲ ಪಕ್ಕ ಒಂದು ಸಣ್ಣ ತೋಟ, ಒಂದು ನೆರಳು ಗಡಿಯಾರ, ಗೋಡೆಯ ಮೇಲೆ ಅಷ್ಟೂ ಹೆಸರು. ಪ್ರತಿ ವರ್ಷ ಜೂನ್ 23ಕ್ಕೆ ಸತ್ತವರ ಮನೆಯವರೂ ಆ ಊರವರೂ ಅಲ್ಲಿ ಸೇರುತ್ತಾರೆ. ನನಗೆ ಬಂದ ಯಾವ ಶೀಟಿನಲ್ಲೂ ಈ ಹೆಸರು ಇರಲಿಲ್ಲ. ಇಡೀ ಕಡಲತೀರ ಕವರ್ ಮಾಡುತ್ತೇವೆ ಅನ್ನುವವರು ನಮ್ಮವರ ಹೆಸರು ಕೆತ್ತಿದ ಒಂದೇ ಒಂದು ಗೋಡೆಯನ್ನು ಬಿಟ್ಟು ಮುಂದೆ ಹೋಗುತ್ತಿದ್ದೇವೆ.

ಕೊನೆಯದಾಗಿ ಆ ಎಂಬತ್ತೈದು ದಿನಗಳ ಮಾತು. ಕಡಲು ನೋಡಲು ಪಶ್ಚಿಮಕ್ಕೇ ಹೋಗಬೇಕಿಲ್ಲ. ಡಬ್ಲಿನ್ನಿನ ಡಾರ್ಟ್ ರೈಲು ಉತ್ತರದ ಹೋತ್‌ನಿಂದ ದಕ್ಷಿಣದ ಗ್ರೇಸ್ಟೋನ್ಸ್ ತನಕ ಕಡಲ ಅಂಚಿನಲ್ಲೇ ಓಡುತ್ತದೆ. ಕಿಲೈನಿ ಹತ್ತಿರ ಕಿಟಕಿಯಿಂದ ಕಾಣುವ ಕೊಲ್ಲಿಗೆ ಎಕ್ಸೆಲ್ ಬೇಡ, ಒಂದು ಲೀಪ್ ಕಾರ್ಡ್ ಸಾಕು. ಅಪ್ಪ ಅಮ್ಮ ಬಂದ ಮೊದಲ ವಾರವೇ ಅವರಿಗೊಂದು ಕಾರ್ಡ್ ಕೊಡಿಸಿ, ಒಂದೆರಡು ಸಲ ಜೊತೆಗೆ ಹೋಗಿ ದಾರಿ ತೋರಿಸಿ. ವಾರಕ್ಕೊಂದು ದಿನ ಮಕ್ಕಳ ಜವಾಬ್ದಾರಿಯಿಂದ ಅವರನ್ನು ಬಿಡಿಸಿ. ನೀವು ವರ್ಕ್ ಫ್ರಂ ಹೋಮ್ ಮಾಡುತ್ತೀರೋ, ರಜೆ ಹಾಕುತ್ತೀರೋ ನಿಮಗೆ ಬಿಟ್ಟಿದ್ದು. ತಾತ ಅಜ್ಜಿ ಇಬ್ಬರೇ ಬ್ರೇಗೆ ಹೋಗಿ, ಫ್ಲಾಸ್ಕಿನ ಕಾಫಿ ಕುಡಿದು, ಮೂರಕ್ಕೆ ಮನೆಗೆ ಬರಲಿ. ಜೂನ್‌ನ ಐದು ರಾತ್ರಿಗೆ ಮನೆ ಹುಡುಕುವ ಕೆಲಸ ಇವತ್ತೇ ಶುರು ಮಾಡಿ. ಬುಕ್ ಮಾಡುವ ಮುಂಚೆ ಒಂದು ಸಲ ಊರಿಗೆ ಫೋನ್ ಹಚ್ಚಿ ಅವರನ್ನೇ ಕೇಳಿ: ‘ಅಪ್ಪ, ಅಮ್ಮ, ನಿಮಗೆ ಏನು ನೋಡ್ಬೇಕು?’ ‘ನೀವು ಎಲ್ಲಿ ಕರ್ಕೊಂಡು ಹೋದ್ರೂ ಸರಿ’ ಅಂತ ಮೊದಲು ಅನ್ನುತ್ತಾರೆ. ಅದನ್ನೇ ಉತ್ತರ ಅಂತ ಬರೆದುಕೊಳ್ಳಬೇಡಿ, ಇನ್ನೊಂದು ಸಲ ಕೇಳಿ.